ಒಂದೆಲಗದ ಬೇರಿಗಂಟಿದ ಕೆಸರು

ಹೊಳೆನರಸೀಪುರದ ಸಂತೆಯಲ್ಲಿ ಒಂದೆಲಗದ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಎಲೆ ನಳನಳಿಸುತ್ತಿತ್ತು. ಬೇರಿಗೆ ಮಾತ್ರ ಕಪ್ಪು ಕೆಸರು, ಮೂಸಿದರೆ ಚರಂಡಿ ವಾಸನೆ. "ಎಲ್ಲಿ ಕಿತ್ತಿದ್ದಕ್ಕಾ?" ಎಂದೆ. "ಹಳ್ಳದ ಬದೀಲಿ ತಾನಾಗೇ ಬೆಳೆದದ್ದಣ್ಣ, ಗೊಬ್ಬರ ಗಿಬ್ಬರ ಏನೂ ಹಾಕಿಲ್ಲ." ಆಕೆ ಸುಳ್ಳಾಡಲಿಲ್ಲ. ಆದರೆ ಆ ಹಳ್ಳದಲ್ಲಿ ಹರಿಯುವುದು ಊರ ಕೊಳಚೆ.

ಒಂದೆಲಗ, ಹೊನಗನ್ನೆ ಎರಡೂ ನೀರಂಚಿನ ಗಿಡಗಳು. ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಅದನ್ನೂ ಹೀರುತ್ತವೆ. ತೊಳೆದರೆ ಮೇಲಿನ ಧೂಳು ಹೋದೀತು, ಒಳಗೆ ಸೇರಿದ್ದು ಹೋಗದು. ಕ್ಯಾಡ್ಮಿಯಂ ಮೂತ್ರಪಿಂಡ ಹೊಕ್ಕರೆ ಹತ್ತಾರು ವರ್ಷ ಅಲ್ಲೇ ಕೂರುತ್ತದೆ. ಸೀಸ ಮಕ್ಕಳ ಮಿದುಳಿಗೇ ಹೊಡೆತ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಒಂದೆಲಗದ ಚಟ್ನಿ ಬಡಿಸುವುದು, ನೆನಪಿನ ಶಕ್ತಿ ಹೆಚ್ಚಲೆಂದು, ಆ ಮಕ್ಕಳಿಗೇ.

ಒಂದೆಲಗ ಮದ್ದಿನ ಗಿಡವೂ ಹೌದು; ಈ ಮಾತೆತ್ತಿದರೆ ಆಯುರ್ವೇದದ ಮೇಲಿನ ಪಿತೂರಿ ಎನ್ನುವವರಿದ್ದಾರೆ. ಬೋಸ್ಟನ್ ಸುತ್ತಮುತ್ತ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇದೆಯೆಂದು 2004ರಲ್ಲಿ ವರದಿಯಾಯಿತು. ನಮ್ಮ ಕೇಂದ್ರ ಸರ್ಕಾರವೇ 2006ರ ಜನವರಿಯಿಂದ ರಫ್ತಾಗುವ ಗಿಡಮೂಲಿಕೆ ಔಷಧಿಗಳಿಗೆ ಭಾರಲೋಹ ಪರೀಕ್ಷೆ ಕಡ್ಡಾಯ ಮಾಡಿತು. ಅದನ್ನು ಪಿತೂರಿ ಎನ್ನೋಣವೇ? ಹೊರದೇಶದವರ ಹೊಟ್ಟೆಗೆ ತೋರಿದ ಕಾಳಜಿ ಚನ್ನರಾಯಪಟ್ಟಣದ ಮಕ್ಕಳ ಹೊಟ್ಟೆಗೆ ಬೇಡವೇ? ಸೊಪ್ಪಿನಲ್ಲಿ ಸೀಸ ಎಷ್ಟಿರಬಹುದೆಂಬ ಮಿತಿ ಆಹಾರ ಕಾನೂನಿನಲ್ಲಿದೆ. ನಮ್ಮ ಸಂತೆಗಳಲ್ಲಿ ಅದನ್ನು ಅಳೆಯಲು ಬಂದವರನ್ನು ನಾನಂತೂ ಕಂಡಿಲ್ಲ.

ಹೊಲದ ಕಥೆಯೂ ಅಷ್ಟೇ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸತು, ತಾಮ್ರ, ಕಬ್ಬಿಣ ಎಲ್ಲ ಉಂಟು. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಬೆಳೆಗೆ ಬೇಕಾದ್ದನ್ನು ಅಳೆದರು, ಉಣ್ಣುವವನಿಗೆ ಬೇಡದ್ದನ್ನು ಬಿಟ್ಟರು. ಅರಕಲಗೂಡಿನ ಹೊಗೆಸೊಪ್ಪಿಗೂ ಹಾಸನದ ಆಲೂಗೆಡ್ಡೆಗೂ ವರ್ಷವರ್ಷ ಸುರಿಯುವ ರಂಜಕದ ಗೊಬ್ಬರದಲ್ಲಿ ಕ್ಯಾಡ್ಮಿಯಂ ಅಷ್ಟಿಷ್ಟು ಬೆರೆತೇ ಬರುತ್ತದೆ. ಹೆದ್ದಾರಿ ಬದಿಯ ಮಣ್ಣಂತೂ 2000ದವರೆಗೆ ಸೀಸದ ಪೆಟ್ರೋಲಿನ ಹೊಗೆ ಕುಡಿದದ್ದು.

ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ, ಹಾಸನದಲ್ಲಿ ಆಯುರ್ವೇದ ಕಾಲೇಜಿದೆ. ಜಿಲ್ಲಾಡಳಿತ ಇಬ್ಬರನ್ನೂ ಕೂರಿಸಿ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು, ಹಾಸನ ಈ ನಾಲ್ಕೂ ಊರುಗಳ ಸಂತೆಯ ಸೊಪ್ಪನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಪರೀಕ್ಷೆ ಮಾಡಿಸಲಿ. ಯಾವ ಹಳ್ಳದ್ದು ಬೇಡ, ಯಾವ ಕೆರೆಯದ್ದು ಆಗಬಹುದು ಎಂದು ಸಂತೆಯ ಬಾಗಿಲಲ್ಲೇ ಬರೆದು ಹಾಕಲಿ. ಸೊಪ್ಪಿನವರನ್ನು ದಂಡ ಹಾಕಿ ಎಬ್ಬಿಸುವುದು ಮಾತ್ರ ಬೇಡ. ಹಳ್ಳಕ್ಕೆ ಕೊಳಚೆ ಬಿಟ್ಟವರು ಅವರಲ್ಲ.

ಅಂದು ಆ ಕಟ್ಟನ್ನು ಕೆಳಗಿಟ್ಟೆ. "ಯಾಕಣ್ಣ, ಚೆನ್ನಾಗಿಲ್ವಾ?" ಎಂದಳು. ಉತ್ತರ ಕೊಡಲು ನನ್ನ ಬಳಿ ಒಂದು ಅಂಕಿಯೂ ಇರಲಿಲ್ಲ.