ಕೊರಿಯನ್ ಕಲಿಯಲು ಇಂಗ್ಲಿಷ್ ಯಾಕೆ ಬೇಕು?

ಕೊರಿಯನ್ ಭಾಷೆ ಕಲಿಯೋಣವೆಂದು ನೆಟ್‌ನಲ್ಲಿ ಹುಡುಕಿದರೆ ಪಾಠಕ್ಕಿಂತ ಮೊದಲು ಸಿಗುವುದು ಹೆದರಿಕೆ. ‘ಜಗತ್ತಿನ ಅತಿ ಕಷ್ಟದ ಭಾಷೆಗಳಲ್ಲಿ ಇದೂ ಒಂದು’ ಎಂಬ ಮಾತು ಎಲ್ಲ ಕಡೆ ಇದೆ. ಅದಕ್ಕೆ ಆಧಾರವಾಗಿ ತೋರಿಸುವುದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಪಟ್ಟಿಯನ್ನು. ಕೊರಿಯನ್ ಕಲಿಯಲು 88 ವಾರ, 2,200 ಗಂಟೆಗಳ ತರಗತಿ ಬೇಕು ಎನ್ನುತ್ತದೆ ಆ ಪಟ್ಟಿ. ಆದರೆ ಅದು ಇಂಗ್ಲಿಷ್ ಮನೆಮಾತಿನ ಅಧಿಕಾರಿಗಳಿಗಾಗಿ ಹಾಕಿದ ಲೆಕ್ಕ. ಕನ್ನಡ ಮಾತಾಡುವವರಿಗೆ ಎಷ್ಟು ಗಂಟೆ ಬೇಕು ಎಂದು ಅವರು ಹೇಳಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಯಾರದೋ ಜ್ವರಕ್ಕೆ ನಾವು ಮಾತ್ರೆ ನುಂಗುತ್ತಿದ್ದೇವೆ.

ನಾನು ಕೊರಿಯನ್ ಕಲಿಯಲು ಶುರುಮಾಡಿ ಒಂದೂವರೆ ವರ್ಷವಾಯಿತು. ಮೊದಲಿಗೆ ಒಂದು ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದಾಗ ಅವರು ಕೇಳಿದ್ದು ‘ನಿಮ್ಮ ಇಂಗ್ಲಿಷ್ ಹೇಗಿದೆ?’ ಎಂದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ಎಂದೆ. ‘ಹಾಗಾದರೆ ಮೊದಲು ನಮ್ಮ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಮುಗಿಸಿ ಬನ್ನಿ’ ಎಂದರು. ನನ್ನ ಹಾಸ್ಟೆಲ್‌ನಲ್ಲಿ ಡ್ರಾಮಾ ನೋಡಿ ನೋಡಿಯೇ ಇನ್ನೂರು ಪದ ಕಲಿತ ಹುಡುಗಿಯೊಬ್ಬಳಿದ್ದಾಳೆ. ಅವಳಿಗೂ ಇದೇ ಉತ್ತರ ಸಿಕ್ಕಿತು, ಅವಳು ಅಲ್ಲಿಗೇ ಕೈಬಿಟ್ಟಳು. ಕೊರಿಯನ್ ಎಂಬ ಮನೆಗೆ ಇಂಗ್ಲಿಷ್ ಒಂದೇ ಬಾಗಿಲು ಎಂದು ಯಾರು ತೀರ್ಮಾನಿಸಿದರೋ! ನನ್ನ ಅನುಭವದಲ್ಲಿ ಅದು ಸುತ್ತುದಾರಿ. ನಮ್ಮ ಹಿತ್ತಲಿನಿಂದಲೇ ಒಂದು ಕಾಲುದಾರಿ ಇದೆ.

‘ತಿಂದು ನೋಡಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಇಲ್ಲಿ ನೋಡುವುದು ಕಣ್ಣಿನ ಕೆಲಸವಲ್ಲ, ರುಚಿ ಹೇಗಿದೆ ಎಂದು ಪರೀಕ್ಷಿಸುವುದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೊರಿಯನ್ನರು ಇದನ್ನೇ ‘ಮೊಗೊ ಬೊಸೆಯೊ’ ಎನ್ನುತ್ತಾರೆ. ‘ಮೊಗೊ’ ಎಂದರೆ ತಿಂದು, ‘ಬೊಸೆಯೊ’ ಎಂದರೆ ನೋಡಿ. ಪದಕ್ಕೆ ಪದ ಸರಿ. ಇಂಗ್ಲಿಷ್ ಪುಸ್ತಕ ಇದಕ್ಕೆ ಸಹಾಯಕ ಕ್ರಿಯಾಪದ, ಪ್ರಯತ್ನಾರ್ಥ ಎಂದೆಲ್ಲ ಒಂದು ಇಡೀ ಪಾಠ ಬರೆಯುತ್ತದೆ. ಕನ್ನಡದ ಹುಡುಗಿಗೆ ಅದು ಅರ್ಧ ನಿಮಿಷದ ಕೆಲಸ. ‘ಹೆ ಜುಸೆಯೊ’ ಎಂದರೆ ‘ಮಾಡಿಕೊಡಿ’. ‘ಜು’ ಎಂಬುದು ಕೊಡು ಎನ್ನುವುದರ ಧಾತು. ಇನ್ನೊಬ್ಬರ ಉಪಕಾರಕ್ಕಾಗಿ ಮಾಡುವ ಕೆಲಸಕ್ಕೆ ‘ಕೊಡು’ ಸೇರಿಸುವ ಅಭ್ಯಾಸ ಅವರಿಗೂ ಇದೆ. ‘ತಿಂದುಬಿಟ್ಟೆ’ ಎನ್ನುವಾಗ ನಾವು ‘ಬಿಡು’ ಸೇರಿಸುತ್ತೇವಲ್ಲ, ಅವರು ಎಸೆ, ಬಿಸಾಡು ಎಂಬ ಅರ್ಥದ ಪದ ಸೇರಿಸುತ್ತಾರೆ. ಆಗಬಾರದ್ದು ಆಗಿಹೋಯಿತು ಎಂಬ ಆ ಸಣ್ಣ ಬೇಸರವೂ ಅದರಲ್ಲಿ ಹಾಗೆಯೇ ಕೇಳಿಸುತ್ತದೆ.

ವಾಕ್ಯದ ಜೋಡಣೆಯೂ ಅಷ್ಟೆ. ಕರ್ತೃ, ಕರ್ಮ, ಕೊನೆಯಲ್ಲಿ ಕ್ರಿಯೆ. ‘ಚಿಬೆ ಗಾಯೊ’ ಎಂದರೆ ‘ಮನೆಗೆ ಹೋಗ್ತೀನಿ’. ‘ಚಿಪ್’ ಮನೆ, ‘ಎ’ ನಮ್ಮ ‘ಗೆ’. ಪ್ರತ್ಯಯ ಪದದ ಹಿಂದೆ ಅಂಟುತ್ತದೆ, ಇಂಗ್ಲಿಷಿನ ಹಾಗೆ ಮುಂದೆ ಬಂದು ನಿಲ್ಲುವುದಿಲ್ಲ. ‘ನಿನ್ನೆ ಬಂದ ವ್ಯಕ್ತಿ’ ಎನ್ನುವುದು ‘ಒಜೆ ಒನ್ ಸಾರಾಮ್’. ಒಜೆ ನಿನ್ನೆ, ಒನ್ ಬಂದ, ಸಾರಾಮ್ ವ್ಯಕ್ತಿ. ಇದನ್ನು ಇಂಗ್ಲಿಷಿಗೆ ಹಾಕಿದರೆ ವಾಕ್ಯ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಮತ್ತೆ ಕೊರಿಯನ್ನಿಗೆ ತಿರುಗಿಸುವವರು ಎರಡು ಸಲ ಲಾಗ ಹೊಡೆದು, ನಿಂತಿದ್ದ ಜಾಗಕ್ಕೇ ಬರುತ್ತಾರೆ.

ಇಷ್ಟೆಲ್ಲ ಹೋಲಿಕೆ ಕಂಡ ತಕ್ಷಣ ‘ಕೊರಿಯನ್ ನಮ್ಮ ದ್ರಾವಿಡ ಭಾಷೆಯಿಂದಲೇ ಹುಟ್ಟಿದ್ದು’ ಎನ್ನುವ ವಾಟ್ಸ್‌ಆ್ಯಪ್ ಪಂಡಿತರು ಹೊರಡುತ್ತಾರೆ. ಅಲ್ಲಿಯೂ ಅಪ್ಪನಿಗೆ ‘ಅಪ್ಪಾ’, ಅಮ್ಮನಿಗೆ ‘ಒಮ್ಮಾ’ ಎನ್ನುವುದು ನಿಜ. ಕೊರಿಯಾದಲ್ಲಿ ನೆಲೆಸಿದ್ದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಈ ಎರಡು ಕಡೆಯ ವ್ಯಾಕರಣಗಳನ್ನು ಹೋಲಿಸಿ ಒಂದು ಪುಸ್ತಕ ಬರೆದಿದ್ದರು. ಆದರೆ ಅವು ಒಂದೇ ತಾಯಿಯ ಮಕ್ಕಳು ಎಂಬುದನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಕಲಿಯುವವರಿಗೆ ಆ ಜಗಳ ಬೇಕಾಗಿಯೂ ಇಲ್ಲ. ನೆಂಟಸ್ತಿಕೆ ಇಲ್ಲದಿದ್ದರೂ ಎರಡು ಮನೆಗಳ ಅಡುಗೆಕೋಣೆ ಒಂದೇ ತರಹ ಇರಬಹುದು.

ಲಿಪಿಯ ವಿಷಯಕ್ಕೆ ಬರೋಣ. ಇದೇ ನಿಜವಾದ ಮೊದಲ ಹೆಜ್ಜೆ. ರಾಜ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ‘ಹಾಂಗುಲ್’ ಲಿಪಿಯಲ್ಲಿ ಈಗ ಮೂಲ ಅಕ್ಷರಗಳು 24 ಮಾತ್ರ: 14 ವ್ಯಂಜನ, 10 ಸ್ವರ. ವ್ಯಂಜನಗಳ ಆಕಾರ ಬಾಯಿಯನ್ನು ನೋಡಿ ಮಾಡಿದ್ದು. ‘ನ’ ಎನ್ನುವಾಗ ನಾಲಿಗೆ ಹೇಗೆ ಮೇಲೆ ಮಡಚುತ್ತದೋ ಆ ಅಕ್ಷರವೂ ಹಾಗೆ. ಅಲ್ಪಪ್ರಾಣಕ್ಕೆ ಒಂದು ಗೆರೆ ಸೇರಿಸಿದರೆ ಮಹಾಪ್ರಾಣ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಇದು ಹೊಸ ಲೋಕವೇ ಅಲ್ಲ.

ಇನ್ನೂ ಖುಷಿಯ ಸಂಗತಿ ಒಂದಿದೆ. ಕೊರಿಯಾದಲ್ಲಿ ಅಕ್ಷರ ಕಲಿಯುವ ಸಾಂಪ್ರದಾಯಿಕ ಕ್ರಮ ನಮ್ಮ ಕಾಗುಣಿತವೇ. ಒಂದು ವ್ಯಂಜನಕ್ಕೆ ಎಲ್ಲ ಸ್ವರ ಸೇರಿಸುತ್ತಾ ‘ಗಾ, ಗ್ಯಾ, ಗೊ, ಗ್ಯೊ’ ಎಂದು ಸಾಲಾಗಿ ಹೇಳುವುದು. ಜಪಾನ್ ಆಳ್ವಿಕೆಯಲ್ಲಿದ್ದ ಕೊರಿಯಾದಲ್ಲಿ 1926ರಲ್ಲಿ ಮೊದಲ ಬಾರಿ ಲಿಪಿಯ ದಿನ ಆಚರಿಸಿದಾಗ ಅದಕ್ಕಿಟ್ಟ ಹೆಸರು ‘ಗಾಗ್ಯಾ ದಿನ’. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ‘ಕ-ಕಾ ದಿನ’!

ಆದರೆ ಇಂಗ್ಲಿಷ್ ಪಾಠಗಳಲ್ಲಿ ಏನಾಗುತ್ತದೆ? ವಾರಗಟ್ಟಲೆ ರೋಮನ್ ಅಕ್ಷರದಲ್ಲೇ ಕೊರಿಯನ್ ಓದಿಸುತ್ತಾರೆ. ಅದರ ಫಲ ರಾಜಧಾನಿಯ ಹೆಸರಿನಲ್ಲೇ ಕಾಣುತ್ತದೆ. ಕೊರಿಯನ್ನರಿಗೆ ಅದು ಎರಡು ಅಕ್ಷರ: ಸೊ-ಉಲ್. ರೋಮನ್ ಕಾಗುಣಿತವನ್ನು ಇಂಗ್ಲಿಷಿನಂತೆ ಓದಿದ್ದರಿಂದ ಅದು ಸೋಲ್ ಆಯಿತು, ಸಿಯೋಲ್ ಆಯಿತು. ನನ್ನ ಸಲಹೆ ಇಷ್ಟೆ: ಮೊದಲ ವಾರ ಬೇರೇನೂ ಮಾಡಬೇಡಿ, ಹಾಂಗುಲ್ ಮಾತ್ರ ತಿದ್ದಿ. ದಿನಕ್ಕೆ ಒಂದು ಗಂಟೆ ಸಾಕು. ಪಕ್ಕದಲ್ಲಿ ಉಚ್ಚಾರ ಬರೆದುಕೊಳ್ಳಲೇಬೇಕು ಎನಿಸಿದರೆ ಕನ್ನಡದಲ್ಲಿ ಬರೆದುಕೊಳ್ಳಿ. ಎರಡನೇ ವಾರ ಅದನ್ನೂ ಅಳಿಸಿ.

ಓದಲು ಬಂದ ಮೇಲೆ ಎಲ್ಲರೂ ತಬ್ಬಿಬ್ಬಾಗುವುದು ಬರೆದದ್ದೇ ಒಂದು, ಕೇಳುವುದೇ ಒಂದು ಎಂಬಲ್ಲಿ. ಡ್ರಾಮಾ ನೋಡುವವರಿಗೆಲ್ಲ ಗೊತ್ತಿರುವ ಧನ್ಯವಾದದ ಪದ ‘ಗಮ್ಸಾಹಮ್ನಿದಾ’. ಬರೆಯುವಾಗ ಮಾತ್ರ ಅಲ್ಲಿರುವುದು ‘ಹಪ್-ನಿ-ದಾ’. ‘ಪ್’ ಯಾಕೆ ‘ಮ್’ ಆಯಿತು? ಮುಂದೆ ಅನುನಾಸಿಕ ಇದೆ, ಅದಕ್ಕೆ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವ ಅನುನಾಸಿಕ ಸಂಧಿಯನ್ನು ಹೈಸ್ಕೂಲಿನಲ್ಲಿ ಎರಡು ಅಂಕಕ್ಕಾಗಿ ಉರುಹೊಡೆದಿದ್ದೆವಲ್ಲ, ಅದೇ ಇದು. ಕೊರಿಯನ್ ಭಾಷೆ ಎನ್ನುವುದಕ್ಕೆ ಅವರ ಪದ ‘ಹಾಂಗುಕ್’ ಮತ್ತು ‘ಮಾಲ್’ ಸೇರಿ ಆದದ್ದು, ಬಾಯಲ್ಲಿ ‘ಹಾಂಗುಙ್‌ಮಾಲ್’. ವಾಙ್ಮಯದ ಖಾಸಾ ತಮ್ಮ! ಇನ್ನು ಮಾಂಸ ಎಂಬ ಪದದಲ್ಲಿ ಒಂದೇ ವ್ಯಂಜನ ಎರಡು ಸಲ ಬರುತ್ತದೆ. ಆದರೆ ಕಿವಿಗೆ ಮೊದಲಿನದು ಕ, ನಡುವಿನದು ಗ: ‘ಕೊಗಿ’. ಮಳೆ ಮತ್ತು ಕಾಲ ಸೇರಿದಾಗ ಮಳೆಗಾಲ ಎನ್ನುವ ನಮ್ಮ ನಾಲಿಗೆಗೆ ಇದನ್ನು ವಿವರಿಸಬೇಕೇ?

ಪದಸಂಪತ್ತಿನಲ್ಲೂ ಪರಿಚಿತ ವ್ಯವಸ್ಥೆಯೊಂದಿದೆ. ನಮಗೆ ಸಂಸ್ಕೃತ ಇದ್ದಂತೆ ಅವರಿಗೆ ಚೀನಿ. ‘ಹಾಕ್’ ಎಂದರೆ ವಿದ್ಯೆ. ಹಾಕ್ಸೆಂಗ್ ವಿದ್ಯಾರ್ಥಿ, ಹಾಕ್ಕ್ಯೊ ಶಾಲೆ, ದೆಹಾಕ್ ವಿಶ್ವವಿದ್ಯಾಲಯ. ಒಂದು ಬೇರು ಹಿಡಿದರೆ ಹತ್ತು ಪದ ಮೇಲೆ ಬರುತ್ತವೆ.

ಎಲ್ಲವೂ ಸಲೀಸು ಎಂದರೆ ಸುಳ್ಳಾಗುತ್ತದೆ. ಗಂಟಲು ಬಿಗಿಹಿಡಿದು ಹೇಳುವ ಅವರ ಒತ್ತು ವ್ಯಂಜನಗಳು ನಮ್ಮಲ್ಲಿಲ್ಲ. ಮಹಾಪ್ರಾಣ ಇದೆ ಎಂದುಕೊಳ್ಳುತ್ತೇವೆ, ಆದರೆ ‘ಭಾಷೆ’ಯನ್ನು ‘ಬಾಸೆ’ ಎನ್ನುವ ನಮ್ಮ ಬಾಯಿಗೆ ಅಲ್ಲೂ ಅದೇ ಸೋಮಾರಿತನ. ತುಟಿ ಗುಂಡಗೆ ಮಾಡದೆ ‘ಉ’ ಎನ್ನಬೇಕಾದ ಸ್ವರ ಒಂದಿದೆ, ಕನ್ನಡಿ ಮುಂದೆ ಕೂತು ಕಲಿಯಬೇಕು. ಸಂಖ್ಯೆಗಳಂತೂ ಎರಡು ಜೊತೆ: ಗಂಟೆಗೆ ದೇಶೀ ಸಂಖ್ಯೆ, ನಿಮಿಷಕ್ಕೆ ಚೀನಿ ಮೂಲದ್ದು. ಅಕ್ಕನಿಗೆ ಹುಡುಗಿ ಕರೆದರೆ ‘ಒನ್ನಿ’, ಹುಡುಗ ಕರೆದರೆ ‘ನೂನಾ’. ನೀನು, ನೀವು ಎಂಬ ಭೇದ ಗೊತ್ತಿರುವ ನಮಗೆ ಮರ್ಯಾದೆಯ ರೂಪಗಳು ಅರ್ಥವಾಗುತ್ತವೆ. ಆದರೆ ಅವರಲ್ಲಿ ಒಂದು ವರ್ಷದ ಅಂತರವೂ ಲೆಕ್ಕಕ್ಕೆ ಬರುತ್ತದೆ.

ಕೆಲಸದ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ಕೊರಿಯನ್ ಕಂಪನಿಗಳು ನಮ್ಮ ಸುತ್ತಮುತ್ತಲೇ ಇವೆ. ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್ ಸಂಶೋಧನಾ ಕೇಂದ್ರವಿದೆ, ಗಡಿಯಾಚೆ ಪೆನುಕೊಂಡದ ಬಳಿ ಕಿಯಾ ಕಾರ್ಖಾನೆ, ಚೆನ್ನೈ ಹತ್ತಿರ ಹ್ಯುಂಡೈ. ಆದರೆ ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ತೋರಿಸಿದರೆ ಯಾರೂ ಕರೆಯುವುದಿಲ್ಲ. ಲೆಕ್ಕಕ್ಕೆ ಬರುವುದು ‘ಟೋಪಿಕ್’ ಪರೀಕ್ಷೆ. ಅದರಲ್ಲಿ ಆರು ಹಂತ. ಮೊದಲ ಪತ್ರಿಕೆಗೆ 200 ಅಂಕ, 80 ಬಂದರೆ ಒಂದನೇ ಹಂತ, 140 ಬಂದರೆ ಎರಡನೆಯದು. ಮೂರರಿಂದ ಆರನೇ ಹಂತಕ್ಕೆ ಬೇರೆಯೇ ಪತ್ರಿಕೆ, ಅದರಲ್ಲಿ ಬರವಣಿಗೆಯೂ ಇರುತ್ತದೆ. ಫಲಿತಾಂಶಕ್ಕೆ ಎರಡೇ ವರ್ಷ ಮಾನ್ಯತೆ. ನನ್ನದು ಈಗ ಎರಡನೇ ಹಂತ. ಅನುವಾದ, ದುಭಾಷಿ ಕೆಲಸಕ್ಕೆ ಇದು ಏನೇನೂ ಸಾಲದು. ‘ಆರು ತಿಂಗಳಲ್ಲಿ ಕೊರಿಯಾದಲ್ಲಿ ಕೆಲಸ’ ಎಂಬ ಪೋಸ್ಟರ್ ಕಂಡರೆ ದೂರದಿಂದಲೇ ಕೈ ಮುಗಿಯಿರಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ ಹೆಸರನ್ನೂ ಹೇಳಿದೆ. ಕಲಿಸುವುದಾದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ಪುಸ್ತಕ ಕೊಡುತ್ತಾರೆ? ನಾನು ಕೇಳಿದ ಪುಸ್ತಕದಂಗಡಿಗಳಲ್ಲಿ ಕನ್ನಡದಲ್ಲಿ ಬರೆದ ಕೊರಿಯನ್ ವ್ಯಾಕರಣ ಸಿಗಲಿಲ್ಲ. ಕೊರಿಯಾ ಸರ್ಕಾರದ ಬೆಂಬಲದ ಕಿಂಗ್ ಸೆಜೊಂಗ್ ಸಂಸ್ಥೆಯ ಆನ್‌ಲೈನ್ ಪಾಠಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಅವನ್ನು ಕನ್ನಡದ ಕಣ್ಣಿನಿಂದ ವಿವರಿಸುವ ನೂರು ಪುಟದ ಕೈಪಿಡಿ ತರುವುದು ನಮ್ಮ ವಿಶ್ವವಿದ್ಯಾಲಯಗಳಿಗೆ, ಪ್ರಾಧಿಕಾರಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಕನ್ನಡ ವ್ಯಾಕರಣ ಬಲ್ಲ ಒಬ್ಬ ಮೇಷ್ಟ್ರು, ಕೊರಿಯನ್ ಬಲ್ಲ ಒಬ್ಬರು ಒಂದು ಬೇಸಿಗೆ ರಜೆ ಜೊತೆಗೆ ಕೂತರೆ ಆಯಿತು.

ಅಲ್ಲಿಯವರೆಗೆ ಕಾಯುವುದು ಬೇಡವೆಂದು ನಾವು ನಾಲ್ವರು ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ನೋಟ್ಸ್ ಮಾಡುತ್ತಿದ್ದೇವೆ. ಎಡಕ್ಕೆ ಹಾಂಗುಲ್, ಬಲಕ್ಕೆ ಕನ್ನಡ. ಕೈಬಿಟ್ಟಿದ್ದ ಹುಡುಗಿ ಈಗ ನಮ್ಮ ಜೊತೆಗಿದ್ದಾಳೆ. ಪ್ರತ್ಯಯಗಳ ಪಟ್ಟಿ ಅವಳದೇ. ನಲವತ್ತು ಪುಟ ಆಗಿದೆ, ಸಂಖ್ಯೆಗಳ ಪಾಠ ಇನ್ನೂ ಬಾಕಿ.