ಕಿರುಕೊಂಡಿ ಮತ್ತು ಅದರ ಕಡತ

ಬೆಟಗೇರಿಯ ನೇಕಾರ ಮನೆತನದ ತಾಯಿಯೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಕೈಯಲ್ಲಿ ಪತಿಯ ಪ್ರಥಮ ಪುಣ್ಯಸ್ಮರಣೆಯಂದು ಅಚ್ಚು ಹಾಕಿಸಿದ ಪುಟ್ಟ ಪುಸ್ತಕವಿತ್ತು. ಲಿಂಗೈಕ್ಯರಾದ ಆ ಹಿರಿಯರು ಓಣಿಯ ಭಜನಾ ಮೇಳದಲ್ಲಿ ಹಾಡುತ್ತಿದ್ದವರು. ಅವರ ಹಾಡಿನ ಧ್ವನಿಮುದ್ರಣವನ್ನು ಮಗನು ಅಂತರಜಾಲದಲ್ಲಿ ಇರಿಸಿ, ಅದರ ಉದ್ದನೆಯ ವಿಳಾಸವನ್ನು ಚಿಕ್ಕದಾಗಿಸಿ, ಪುಸ್ತಕದ ಕೊನೆಯ ಪುಟದಲ್ಲಿ ಮುದ್ರಿಸಿದ್ದನು. “ಮೊದಲ ಕೇಳಸ್ತಿತ್ರೀ, ಈಗ ಬರವಲ್ದು” ಎಂದು ಆ ತಾಯಿ ಮೊಬೈಲನ್ನು ನಮ್ಮ ಮುಂದೆ ಇಟ್ಟರು.

ವಿಚಾರಿಸಿ ನೋಡಲಾಗಿ, ಧ್ವನಿಮುದ್ರಣಕ್ಕೆ ಯಾವ ಹಾನಿಯೂ ಆಗಿರಲಿಲ್ಲ. ವಿಳಾಸವನ್ನು ಚಿಕ್ಕದಾಗಿಸಿಕೊಟ್ಟಿದ್ದ ಸಣ್ಣ ಸೇವೆಯೊಂದು ನಿಂತುಹೋಗಿತ್ತು, ಅಷ್ಟೇ. ಆದರೆ ಮೂಲ ವಿಳಾಸವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಇಂದು ಲಗ್ನಪತ್ರಿಕೆಯಿಂದ ಸ್ಮರಣ ಸಂಚಿಕೆಯವರೆಗೆ ಎಲ್ಲೆಡೆ ಈ ಕಿರುಕೊಂಡಿಗಳು ಕಾಣಿಸಿಕೊಳ್ಳುತ್ತಿರುವುದರಿಂದ, ಅವು ಏನು, ಏಕೆ ಬೇಕು, ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರ ಮಾಡುವುದು ಉಚಿತವೆಂದು ಭಾವಿಸಿದ್ದೇವೆ.

ಇಂಗ್ಲಿಷ್ ಬಳಸುವವರಿಗಿಂತ ಕನ್ನಡಿಗರಾದ ನಮಗೆ ಇದರ ಅಗತ್ಯ ಹೆಚ್ಚು. ಅಂತರಜಾಲದ ವಿಳಾಸವು ಒಳಗೆ ಇಂಗ್ಲಿಷ್ ಅಕ್ಷರ, ಅಂಕೆ ಮತ್ತು ಕೆಲವು ಚಿಹ್ನೆಗಳನ್ನಷ್ಟೇ ಒಪ್ಪುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಊರಿನ ಪುಟದ ವಿಳಾಸ ಕನ್ನಡದಲ್ಲಿಯೇ ಕಾಣಿಸುತ್ತದೆಯಾದರೂ, ಅದನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಬಹಳ ಸಲ ಅದರ ಸಂಕೇತರೂಪ ಹೊರಬೀಳುತ್ತದೆ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಕಾಗುಣಿತದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು. ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ ಮತ್ತು ಅದರ ಮುಂದೆ ಎರಡು ಸಂಕೇತಗಳು. ಒಟ್ಟು ಒಂಬತ್ತು ಸ್ಥಾನಗಳು.

ನಮ್ಮ ಊರುಗಳ ಹೆಸರನ್ನೇ ಲೆಕ್ಕ ಹಾಕಿ ನೋಡೋಣ. ಮೂರಕ್ಷರದ ಗದಗವು 27 ಸ್ಥಾನಗಳನ್ನು ತೆಗೆದುಕೊಳ್ಳುತ್ತದೆ. ಬೆಟಗೇರಿಗೂ ಮುಂಡರಗಿಗೂ 63, ಶಿರಹಟ್ಟಿಗೆ 72. ಲಕ್ಷ್ಮೇಶ್ವರವು ನೋಡಲು ನಾಲ್ಕೇ ಅಕ್ಷರವಾದರೂ, ಒತ್ತಕ್ಷರ ಮೂಡಿಸುವ ಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ 99 ಸ್ಥಾನಗಳು ಬೇಕು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ತಿರುಳಿನ ಊರಿನ ಹೆಸರು ಯಂತ್ರದ ಬಾಯಲ್ಲಿ ಹೀಗೆ ಬರಿಯ ಸಿಪ್ಪೆಯಾಗಿ ಬೆಳೆಯುತ್ತದೆ. ಇಂಥ ವಿಳಾಸವನ್ನು ಕಾಗದದ ಮೇಲೆ ಮುದ್ರಿಸಿದರೆ ಯಾರು ತಾನೇ ನೋಡಿ ಬರೆದುಕೊಂಡಾರು?

ಈ ತೊಡಕಿಗೆ ಪರಿಹಾರ ಕಂಡುಕೊಂಡ ಬಗೆ ಹೊಸದೇನಲ್ಲ. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ತಾಡೋಲೆಯ ಕಟ್ಟುಗಳಿಗೆ ಸಂಖ್ಯೆಯ ಚೀಟಿ ಕಟ್ಟುವ ಕೆಲಸ ನಮ್ಮ ಪಾಲಿಗಿತ್ತು. ಚೀಟಿಯ ಮೇಲೆ ಬರಿಯ ಸಂಖ್ಯೆ. ಗ್ರಂಥದ ಹೆಸರು, ಗರಿಗಳ ಲೆಕ್ಕ, ಇರಿಸಿದ ಸ್ಥಳ ಎಲ್ಲವೂ ಕಡತದಲ್ಲಿ. ಕಿರುಕೊಂಡಿಯ ಯಂತ್ರವೂ ಇಷ್ಟೇ. ಉದ್ದನೆಯ ವಿಳಾಸವನ್ನು ತನ್ನ ಕಡತದಲ್ಲಿ ಬರೆದುಕೊಂಡು, ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಯಾರಾದರೂ ಆ ಸಂಖ್ಯೆ ಹಿಡಿದು ಬಂದರೆ ಕಡತ ನೋಡಿ ಅವರನ್ನು ಮೂಲ ವಿಳಾಸಕ್ಕೆ ಕಳುಹಿಸುತ್ತದೆ.

ಆ ಸಂಖ್ಯೆಯನ್ನು ಚಿಕ್ಕದಾಗಿ ಬರೆಯುವ ಜಾಣ್ಮೆಯೊಂದಿದೆ. ನಾವು ಎಣಿಸುವುದು ಹತ್ತು ಅಂಕೆಗಳಿಂದ. ಯಂತ್ರವು ಆ ಹತ್ತರ ಜೊತೆಗೆ ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರಗಳನ್ನೂ ಅಂಕೆಗಳಂತೆಯೇ ಬಳಸುತ್ತದೆ. ಒಟ್ಟು 62. ಎರಡು ಸ್ಥಾನಗಳಲ್ಲಿ 3,844 ವಿಳಾಸಗಳು, ಆರು ಸ್ಥಾನಗಳಲ್ಲಿ 5,680 ಕೋಟಿಗೂ ಮಿಕ್ಕಿದ ವಿಳಾಸಗಳು ಹಿಡಿಯುತ್ತವೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿಗೂ ಆರೇ ಅಂಕೆಗಳು. 582101 ಎಂದರೆ ಗದಗ, 582118 ಎಂದರೆ ಮುಂಡರಗಿ. ಅಂಚೆ ಇಲಾಖೆ ಆ ಪಟ್ಟಿಯನ್ನು ಕಾಪಾಡಿಕೊಂಡು ಬಂದಿರುವುದರಿಂದಲೇ ಆ ಅಂಕೆಗಳಿಗೆ ಬೆಲೆ. ಪಟ್ಟಿ ಕಳೆದುಹೋದರೆ ಅವು ಬರಿಯ ಅಂಕೆಗಳು. ಕಿರುಕೊಂಡಿಯ ಮರ್ಮವಿರುವುದು ಇಲ್ಲಿಯೇ: ಅದನ್ನು ಬಳಸುವವನು ಕಾಣದ ಇನ್ನೊಬ್ಬರ ಕಡತವನ್ನು ನಂಬಿರುತ್ತಾನೆ.

ಆ ಕಡತಗಳು ಚಿರಂತನವಲ್ಲ. 2002ರಲ್ಲಿ ಅಮೆರಿಕದ ಕೆವಿನ್ ಗಿಲ್ಬರ್ಟ್‌ಸನ್ ಎಂಬವರು ಆರಂಭಿಸಿದ ‘ಟೈನಿಯುಆರ್‌ಎಲ್’ ಇಂದಿಗೂ ನಡೆಯುತ್ತಿದೆ. ಆದರೆ ಗೂಗಲಿನಂಥ ದೊಡ್ಡ ಸಂಸ್ಥೆ 2009ರಲ್ಲಿ ತೆರೆದ ಕಿರುಕೊಂಡಿ ಸೇವೆಯನ್ನು ಮುಚ್ಚುವುದಾಗಿ 2018ರಲ್ಲಿ ಸಾರಿತು. 2019ರಲ್ಲಿ ಹೊಸ ಕೊಂಡಿ ಮಾಡುವುದನ್ನು ನಿಲ್ಲಿಸಿತು. ಹಳೆಯವೂ 2025ರ ಆಗಸ್ಟ್ 25ರ ನಂತರ ತೆರೆಯವೆಂದು 2024ರಲ್ಲಿ ಪ್ರಕಟಿಸಿತು. ಆ ಗಡುವಿಗೆ ಕೆಲವು ವಾರಗಳ ಮೊದಲು ಮನಸ್ಸು ಬದಲಿಸಿ, ಬಳಕೆಯಲ್ಲಿರುವ ಕೊಂಡಿಗಳನ್ನು ಉಳಿಸುವುದಾಗಿ ಹೇಳಿತು. ಯಾರೂ ಬಹುದಿನ ಮುಟ್ಟದೆ ಬಿಟ್ಟ ಕೊಂಡಿಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಕಪಾಟಿನಲ್ಲಿರುವ ಸ್ಮರಣ ಸಂಚಿಕೆಯನ್ನು ಯಾರೂ ದಿನವೂ ತೆರೆಯುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೂಲ ಗ್ರಂಥ ಯಾರಲ್ಲಿದೆಯೋ ಕಡತವೂ ಅವರಲ್ಲಿಯೇ ಇರುವುದು ಲೇಸು. ವಿಕಿಮೀಡಿಯದವರು 2019ರಿಂದ ತಮ್ಮ ಪುಟಗಳಿಗೆ ತಮ್ಮದೇ ಕಿರುಕೊಂಡಿ ಸೇವೆ ಇಟ್ಟುಕೊಂಡಿದ್ದಾರೆ. ಸ್ವಂತ ಜಾಲತಾಣವುಳ್ಳ ಮಠಗಳೂ ವಿದ್ಯಾಸಂಸ್ಥೆಗಳೂ ಇದೇ ಮಾರ್ಗ ಹಿಡಿಯಬಹುದು. ‘ಯುವರ್ಲ್ಸ್’ ಎಂಬ ಉಚಿತ ತಂತ್ರಾಂಶವಿದೆ. ಗಣಕವಿದ್ಯೆ ಕಲಿತ ನಮ್ಮ ಮಕ್ಕಳಿಗೆ ಅದನ್ನು ಸ್ಥಾಪಿಸುವುದು ಕಷ್ಟವಲ್ಲ. ಆದರೆ ಜಾಲತಾಣದ ಹೆಸರಿನ ಬಾಡಿಗೆಯನ್ನು ತಪ್ಪದೆ ಕಟ್ಟಬೇಕು. ತಪ್ಪಿದರೆ ಆ ಹೆಸರನ್ನು ಬೇರೆಯವರು ಕೊಂಡು, ನಮ್ಮ ಹಳೆಯ ಕೊಂಡಿಗಳನ್ನು ತಮಗೆ ಬೇಕಾದೆಡೆಗೆ ತಿರುಗಿಸಬಲ್ಲರು. ಕಟ್ಟುವುದು ಒಂದು ದಿನದ ಕೆಲಸ, ಕಾಯುವುದು ನಿತ್ಯದ ಕಾಯಕ.

ತೆರೆಯುವವರಿಗೂ ಎಚ್ಚರ ಬೇಕು. ಕಿರುಕೊಂಡಿಯ ಹಿಂದೆ ಯಾರ ಮನೆಯಿದೆಯೆಂಬುದು ಮೇಲ್ನೋಟಕ್ಕೆ ತಿಳಿಯದು. ಈ ಮರೆಯೇ ವಂಚಕರಿಗೆ ಅನುಕೂಲ. ಮೊದಲೇ ನೋಂದಾಯಿಸದ ಕೊಂಡಿಗಳುಳ್ಳ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯುವ ಟ್ರಾಯ್ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆಯಾದರೂ, ವಾಟ್ಸ್‌ಆ್ಯಪಿನಲ್ಲಿ ಬರುವ ಕೊಂಡಿಗೆ ಆ ಕಾವಲಿಲ್ಲ. ಬ್ಯಾಂಕು, ಪಿಂಚಣಿ, ವಿದ್ಯುತ್ ಬಿಲ್ಲಿನ ಹೆಸರಿನಲ್ಲಿ ಅವಸರಪಡಿಸುವ ಕಿರುಕೊಂಡಿಯನ್ನು ಮುಟ್ಟಲಾಗದು. ಅಂಗಡಿಯ ಚೌಕಾಕಾರದ ಕ್ಯೂಆರ್ ಸಂಕೇತದೊಳಗೂ ಇಂಥ ಕೊಂಡಿ ಅಡಗಿರಬಹುದು. ‘ಬಿಟ್ಲಿ’ಯ ಕೊಂಡಿಯಾದರೆ ಕೊನೆಗೆ ಕೂಡಿಸುವ ಚಿಹ್ನೆಯನ್ನು ಸೇರಿಸಿ, ಅದು ಎಲ್ಲಿಗೆ ಹೋಗುತ್ತದೆಂದು ಮೊದಲು ನೋಡಬಹುದು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

ಮನೆಯ ಸಮಾರಂಭಕ್ಕೆ ಪುಸ್ತಕವನ್ನೋ ಪತ್ರಿಕೆಯನ್ನೋ ಅಚ್ಚು ಹಾಕಿಸುವ ಬಂಧುಗಳು ಒಂದು ಮಾತನ್ನು ನೆನಪಿಡಲಿ. ಕಿರುಕೊಂಡಿಯ ಜೊತೆಗೆ ಮೂಲ ಜಾಲತಾಣದ ಹೆಸರನ್ನೂ, ಅಲ್ಲಿ ಯಾವ ಶೀರ್ಷಿಕೆಯಿಂದ ಹುಡುಕಬೇಕೆಂಬುದನ್ನೂ ಮುದ್ರಿಸಿರಿ. ಪೂರ್ಣ ವಿಳಾಸವನ್ನು ಮನೆಯ ವಹಿಯಲ್ಲಿ ಬರೆದಿಡಿರಿ. ಧ್ವನಿಮುದ್ರಣದ ಪ್ರತಿಯೊಂದು ಮನೆಯಲ್ಲಿಯೂ ಇರಲಿ.

ಬೆಟಗೇರಿಯ ಆ ಮಗನು ಎರಡು ದಿನ ಹಳೆಯ ಸಂದೇಶಗಳನ್ನು ತಡಕಾಡಿ ಮೂಲ ವಿಳಾಸವನ್ನು ಕಂಡುಕೊಂಡನು. ಉಳಿದ ಪ್ರತಿಗಳ ಕೊನೆಯ ಪುಟಕ್ಕೆ ಹೊಸ ಚೀಟಿ ಅಂಟಿಸಲು ನಾವೂ ಕೈಗೂಡಿಸಿದೆವು. ಆ ತಾಯಿ ಮೊಬೈಲನ್ನು ಕಿವಿಗೆ ಹಿಡಿದು ಹಾಡು ಮುಗಿಯುವವರೆಗೆ ಕುಳಿತಿದ್ದರು. ಹೋಗುವಾಗ ಪೂರ್ಣ ವಿಳಾಸವನ್ನು ತಮ್ಮ ವಹಿಯಲ್ಲಿ ಮಗನಿಂದಲೇ ಬರೆಯಿಸಿಕೊಂಡು ಹೋದರು.