ಮಗಳು ಕ್ಯೋಟೋದಲ್ಲಿ, ಚಿಂತೆ ಅಡುಗೆಮನೆಯಲ್ಲಿ

ಸೆಪ್ಟೆಂಬರ್ ಬಂತೆಂದರೆ ಜಪಾನಿನಲ್ಲಿ ಶರತ್ಕಾಲ ಶುರು. ಆದರೆ ಕ್ಯೋಟೋ ನಗರದ ಮೂರು ಕಡೆಯೂ ಬೆಟ್ಟ; ತಿಂಗಳ ಮೊದಲಲ್ಲಿ ಇನ್ನೂ ಬೆವರಿಳಿಯುವ ಸೆಕೆ. ನಡುವೆ ಚಂಡಮಾರುತದ ಭಯ ಬೇರೆ. 22 ಅಥವಾ 23ರ ಸುಮಾರಿಗೆ ಹಗಲು ಇರುಳು ಸಮವಾಗುವ ದಿನ ಸರಕಾರಿ ರಜ. ಆ ವಾರ ಜನ ಹಿರಿಯರ ಸಮಾಧಿಗೆ ಹೋಗಿ ಹೂವಿಟ್ಟು ಕೈಮುಗಿಯುತ್ತಾರೆ. ನಮ್ಮ ಪಿತೃಪಕ್ಷವೂ ಹೆಚ್ಚುಕಮ್ಮಿ ಆಗಲೇ ಅಲ್ಲವೇ! ಅದು ಕಳೆದ ಮೇಲೇ ಗಾಳಿ ತಂಪಾಗುವುದು.

ನನ್ನ ಅಕ್ಕನ ಮಗಳು ಓದುತ್ತಿರುವುದು ಅಲ್ಲೇ. ಬೆಳಿಗ್ಗೆ ಕಾಮೋ ನದಿಯ ದಂಡೆ ಹಿಡಿದು ಸೈಕಲ್ಲಿನಲ್ಲಿ ಕಾಲೇಜಿಗೆ. ಸೈಕಲ್ ಕಂಡಕಂಡಲ್ಲಿ ನಿಲ್ಲಿಸಿದರೆ ನಗರಸಭೆಯವರು ಎತ್ತಿಕೊಂಡು ಹೋಗುತ್ತಾರಂತೆ, ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಮನೆ ಕಸ ಹಾಕೋದಕ್ಕೂ ನಗರಸಭೆ ಗೊತ್ತುಮಾಡಿದ ಚೀಲವನ್ನೇ ಕೊಳ್ಳಬೇಕು, 2006ರಿಂದ ಹೀಗೆ. ಸಂಜೆ ಅಂಗಡಿಯೊಂದರಲ್ಲಿ ಕೆಲಸ. ಅನುಮತಿ ಪಡೆದ ವಿದ್ಯಾರ್ಥಿಗಳು ಕಾಲೇಜು ನಡೆಯುವಾಗ ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಹುಡುಗಿ ಸೊರಗಿದ್ದಾಳೆ, ಓದು ಬಿಟ್ಟು ಬಂದುಬಿಡಲಿ ಅಂತ ಅಕ್ಕನ ಹಟ. ವಿಚಾರಿಸಿದರೆ ಸೊರಗಿದ್ದು ಓದಿನಿಂದಲ್ಲ, ಊಟವಿಲ್ಲದೆ. ಅಲ್ಲಿಯ ಸಾರು, ನೂಡಲ್ಸ್, ಬೇಯಿಸಿದ ತರಕಾರಿ, ಬಹುಪಾಲು ಎಲ್ಲದಕ್ಕೂ ಒಣಮೀನು ಕುದಿಸಿದ ನೀರೇ ಆಧಾರ. ಕಣ್ಣಿಗೆ ಮೀನು ಕಾಣದಿದ್ದರೂ ಒಳಗೆ ಇರುತ್ತದೆ. ಶಾಕಾಹಾರಿ ಹುಡುಗಿ ಬ್ರೆಡ್ಡು, ಬಾಳೆಹಣ್ಣಿನಲ್ಲಿ ದಿನ ದೂಡುತ್ತಿದ್ದಳು.

ಇದಕ್ಕೆ ಉಪಾಯ ಅಲ್ಲೇ ಇದೆ. ‘ಕೊಂಬು’ ಎಂಬ ಒಣಗಿಸಿದ ಕಡಲಪಾಚಿ ಅಂಗಡಿಗಳಲ್ಲಿ ಸಿಗುತ್ತದೆ. 10 ಗ್ರಾಂನಷ್ಟನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಪಾಚಿ ತೆಗೆಯಿರಿ. ಅದಕ್ಕೆ ಕ್ಯಾರೆಟ್, ಅಣಬೆ, ತೋಫು ಹಾಕಿ ಬೇಯಿಸಿ. ಒಲೆ ಆರಿಸಿದ ಮೇಲೆ ‘ಮೀಸೋ’ ಎಂಬ ಸೋಯಾ ಅವರೆಯ ಹದಬಂದ ಹಿಟ್ಟನ್ನು ಕದಡಿ. ಮೀನಿನ ರಸ ಬೆರೆಸಿದ ಮೀಸೋನೂ ಬರುತ್ತದೆ, ಪೊಟ್ಟಣ ಓದಿಸಿ ಕೊಳ್ಳಬೇಕು. ಹೊಸ ಅಕ್ಕಿ ಬರುವ ಕಾಲವೂ ಇದೇ. ಅದರ ಅಂಟಂಟು ಅನ್ನ ಮೊಸರನ್ನಕ್ಕೆ ಹೇಳಿಮಾಡಿಸಿದ್ದು! ಸಿಹಿಗೆಣಸು ಬೇಯಿಸಿದರೆ ಸಂಜೆಯ ಹಸಿವಿಗಾಯಿತು.

ಇನ್ನೊಂದು ಮಾತು. ಅಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ. ನಾವು ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಫೋನ್ ಮಾಡಿದರೆ ಅವಳಿಗೆ ಮಧ್ಯರಾತ್ರಿ ಹನ್ನೆರಡೂವರೆ. ನಿದ್ದೆಗಣ್ಣಿನ ಮಗಳ ಮುಂದೆ ಅತ್ತರೆ ಅವಳಿಗೇನು ಧೈರ್ಯ ಬಂದೀತು? ಕೆಲಸವಿಲ್ಲದ ದಿನ ನಾಲ್ಕೂವರೆಗೆ ಮಾಡಿ, ಅಲ್ಲಿ ಎಂಟು ಗಂಟೆ. “ಬಂದುಬಿಡು” ಅನ್ನಬೇಡಿ, “ಏನು ಅಡುಗೆ ಮಾಡಿದೆ?” ಅಂತ ಕೇಳಿ.

ಕಷ್ಟಪಟ್ಟು ಗಳಿಸಿದ ಓದಿನ ಅವಕಾಶವನ್ನು ಒಂದು ಬಟ್ಟಲು ಸಾರಿಗಾಗಿ ಕಳೆದುಕೊಳ್ಳುವುದುಂಟೆ? ಮಗಳಾಗಲಿ ಮಗನಾಗಲಿ, ದೂರದೇಶಕ್ಕೆ ಕಳಿಸುವ ಮುಂಚೆ ಪಾಸ್‌ಪೋರ್ಟಿನ ಜೊತೆಗೆ ನಾಲ್ಕು ಅಡುಗೆಯನ್ನೂ ಕಲಿಸಿ ಕಳಿಸೋಣ. ಏನಂತೀರಿ?